ಚಪ್ಪಲಿ ಮೆಟ್ಟಿದ ಮೇಲೆ ಹೇಳಿದ ಮಾತು

ಡಾಕ್ಟರ್ ಪ್ರಭಣ್ಣ ಹುಣಶೀಕಟ್ಟಿಯವರ ದವಾಖಾನೆಗೆ ಆ ಡಬ್ಬಿ ಬಂದ ಮೇಲೆಯೇ ತಮ್ಮ ಡಾಕ್ಟರಿಗೆ ಎರಡು ಕಣ್ಣಿವೆ ಎಂಬುದು ಬೆಟಗೇರಿಯ ಜನಕ್ಕೆ ಮತ್ತೆ ಗೊತ್ತಾದದ್ದು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಆ ಕಣ್ಣುಗಳನ್ನು ಕಂಡವರು ಕಡಿಮೆ. ಎಲ್ಲ ರೋಗಿಗಳ ಚರಿತ್ರೆಯನ್ನೂ ಕಂಪ್ಯೂಟರಿಗೆ ಏರಿಸಬೇಕೆಂದು ಹುಕುಂ ಆದಾಗಿನಿಂದ ಡಾಕ್ಟರು ಪರದೆಗೆ ಮುಖ ಕೊಟ್ಟು, ಕೋಳಿ ಕಾಳು ಹೆಕ್ಕಿದಂತೆ ಎರಡೇ ಬೆರಳಲ್ಲಿ ಅಕ್ಷರ ಕುಟ್ಟುತ್ತ ಕೂತಿರುತ್ತಿದ್ದರು. ರೋಗಿ ಬಂದರೂ ಪರದೆ, ಹೋದರೂ ಪರದೆ. "ಡಾಕ್ಟ್ರ, ಜ್ವರ ಬಂದಿದ್ದು ನನಗರೀ, ಆ ಟೀವಿಗಲ್ಲ" ಎಂದು ಮುದುಕನೊಬ್ಬ ಗದರಿಸಿದ್ದೂ ಉಂಟು. ಡಾಕ್ಟರು ನಕ್ಕು, ಮತ್ತೆ ಕುಟ್ಟಿದ್ದರು. ಪಾಪ, ಅವರೇನು ಮಾಡಿಯಾರು? ಒಂದು ಖಾನೆ ಖಾಲಿ ಬಿಟ್ಟರೆ ಆ ಯಂತ್ರ ಮುಂದಕ್ಕೇ ಹೋಗುತ್ತಿರಲಿಲ್ಲ.

ಡಬ್ಬಿ ಬಂದು ಈ ಫಜೀತಿ ತಪ್ಪಿತು. ನೋಡಲು ಕುಂಕುಮದ ಭರಣಿಯಷ್ಟೇ ಇತ್ತು. ಮೇಜಿನ ಮೇಲೆ ಸುಮ್ಮನೆ ಕೂತು ಡಾಕ್ಟರು, ರೋಗಿ ಆಡಿದ್ದನ್ನು ಕೇಳಿಸಿಕೊಳ್ಳುತ್ತಿತ್ತು. ಇದು ಡಾಕ್ಟರ ದನಿ, ಇದು ರೋಗಿಯದು ಎಂದು ಬೇರ್ಪಡಿಸುತ್ತಿತ್ತು. ಚುಮುಚುಮು ಅಂದರೆ ಏನು, ಗಿರ್ರ್ ಅಂದರೆ ಏನು, ಹೊಟ್ಟಿ ತೊಳಸ್ತೈತಿ ಅಂದರೆ ಏನು, ಎಲ್ಲ ಅದಕ್ಕೆ ಗೊತ್ತು. ಮಾತು ಮುಗಿಯುವಷ್ಟರಲ್ಲಿ ರೋಗದ ಚರಿತ್ರೆ, ಔಷಧಿ, ಮುಂದಿನ ತಪಾಸಣೆ ಎಲ್ಲವನ್ನೂ ತಾನೇ ಬರೆದು, ಧಾರವಾಡದಲ್ಲಿರುವ ಆರೋಗ್ಯ ಸ್ಮೃತಿ ಕೇಂದ್ರಕ್ಕೆ ಕಳಿಸಿಬಿಡುತ್ತಿತ್ತು. ನಾಡಿನ ಯಾವ ಮೂಲೆಯ ಆಸ್ಪತ್ರೆಯಲ್ಲಿ ಹೆಬ್ಬೆರಳಿಟ್ಟರೂ ಆ ಚರಿತ್ರೆ ತೆರೆದುಕೊಳ್ಳುತ್ತಿತ್ತು. ಕಾಗದದಲ್ಲಿ ಅದರ ಹೆಸರು ಏನಾದರೂ ಇರಲಿ, ಬೆಟಗೇರಿಯ ಹೆಂಗಸರು ಅದನ್ನು ಕರೆದದ್ದು 'ಬರಿಯಾಕಿ' ಎಂದು. ಬರೆಯುವವಳು ಎಂದರೆ ಹೆಣ್ಣೇ ಇರಬೇಕು, ಬಾಯಿ ಮುಚ್ಚಿಕೊಂಡು ದುಡಿಯುತ್ತದಲ್ಲ ಎಂಬುದು ಅವರ ತರ್ಕ.

ಬರಿಯಾಕಿ ಹೊತ್ತಲ್ಲದ ಹೊತ್ತಿನಲ್ಲಿ ಕದ್ದು ಕೇಳಿದರೆ ಏನು ಗತಿ ಎಂದು ಮೊದಮೊದಲು ದೊಡ್ಡ ಗಲಾಟೆಯಾಯಿತು. ಆಗ ಕಾನೂನೇ ಆಯಿತು: ರೋಗಿ ಕುರ್ಚಿಯ ಮೇಲೆ ಕೂತಿರುವಷ್ಟು ಹೊತ್ತು ಮಾತ್ರ ಅದರ ಕಿವಿ ತೆರೆದಿರಬೇಕು. ಕುರ್ಚಿಯ ಹಲಗೆಯೊಳಗೆ ಭಾರ ಅಳೆಯುವ ಒಂದು ತಗಡು ಕೂರಿಸಿದರು. ರೋಗಿ ಕೂತು ಕುರ್ಚಿಯ ತೋಳಿಗೆ ಹೆಬ್ಬೆರಳು ಒತ್ತಿದರೆ ಕಿವಿ ತೆರೆಯಿತು. ಎದ್ದರೆ ಮುಚ್ಚಿತು, ಆ ಭೇಟಿಗೆ ಮುದ್ರೆ ಬಿತ್ತು, ಹೊರಗಿನ ಪಡಸಾಲೆಯಲ್ಲಿ ಮುಂದಿನವರ ಹೆಸರು ಕೂಗಿತು. ಬಹಳ ನ್ಯಾಯವಾದ ವ್ಯವಸ್ಥೆ. ಇದರಲ್ಲಿ ಯಾರೂ ಕೊಂಕು ತೆಗೆಯುವಂತಿರಲಿಲ್ಲ, ತೆಗೆಯಲೂ ಇಲ್ಲ.

ಡಾಕ್ಟರಿಗಂತೂ ಹೋದ ಜೀವ ಬಂದಂತಾಯಿತು. ರೋಗಿಯ ಮುಖ ನೋಡಿ ಮಾತಾಡಿದರು, ನಾಲಗೆ ನೋಡಿದರು, ಮದುವೆ ಮುಂಜಿ ವಿಚಾರಿಸಿದರು. ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿ ಊಟ ಮಾಡಿದರು. ಒಂದೇ ಒಂದು ಬದಲಾವಣೆಯನ್ನು ಅವರು ಗಮನಿಸಲಿಲ್ಲ, ಅವರ ಹೆಂಡತಿ ಅನ್ನಪೂರ್ಣಮ್ಮ ಗಮನಿಸಿದರು. ಹಿಂದೆ ಊರಿನ ಅರ್ಧ ಜನರ ಬ್ಯಾನಿ ಬೇಸರಿಕೆಗಳನ್ನು ತಲೆಯಲ್ಲೇ ಇಟ್ಟುಕೊಂಡಿದ್ದ ಮನುಷ್ಯ ಈಗ ಕೊತ್ತಂಬರಿ ಎಂದರೆ ಕರಿಬೇವು ತರುತ್ತಿದ್ದರು.

"ನಿನ್ನೆ ಏನ್ ಹೇಳಿದ್ದೆ ನಾನು?" ಎಂದು ಒಂದು ಬೆಳಿಗ್ಗೆ ಅನ್ನಪೂರ್ಣಮ್ಮ ಕೇಳಿದರು.

"ಯಾವಾಗ?"

"ನೀವು ಸ್ಕೂಟರ್ ಚಾಲೂ ಮಾಡೋಮುಂದ."

"ಸ್ಕೂಟರ್ ಚಾಲೂ ಮಾಡಿದ ಮ್ಯಾಲ ಹೇಳಿದ್ರ ಏನ್ ಕೇಳ್ತದ ಮಾರಾಯ್ತಿ? ತಿಂಡಿ ತಿನ್ನೋಮುಂದ ಹೇಳಬಾರದೇನು?"

"ತಿಂಡಿ ತಿನ್ನೋಮುಂದ ನನಗ ನೆನಪಾಗಬೇಕಲ್ಲ! ನೀವು ಚಪ್ಪಲಿ ಮೆಟ್ಟಿದ ಮ್ಯಾಲ ನೆನಪಾಗತಾವ" ಎಂದು ಅನ್ನಪೂರ್ಣಮ್ಮ ತಟ್ಟೆ ಕುಕ್ಕಿದರು. "ಮನ್ಯಾಗೂ ಒಬ್ಬಾಕಿ ಬರಿಯಾಕಿನ್ನ ತಂದಿಡ್ರಿ. ನಾನು ಆಕಿಗೆ ಹೇಳ್ತೀನಿ, ಆಕಿ ನಿಮಗ ಹೇಳ್ತಾಳ." ಡಾಕ್ಟರು ನಗುತ್ತ ಹೊರಬಿದ್ದರು. ಹೆಂಡತಿ ಹೇಳಿದ್ದು ಏನೆಂದು ಆಗಲೂ ಕೇಳಲಿಲ್ಲ.

ಅದೇ ದಿನ ದವಾಖಾನೆಗೆ ಕಸ್ತೂರೆವ್ವ ಬಂದಳು.

ಕಸ್ತೂರೆವ್ವ ನರಗುಂದ ಎಂದರೆ ಊರಿಗೆಲ್ಲ ರೊಟ್ಟಿ ಕಸ್ತೂರೆವ್ವ. ಗದಗಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಹೆಂಗಸು. ಐವತ್ತು ದಾಟಿದ ಗಟ್ಟಿ ಆಳು, ಬಾಯಿ ಇನ್ನೂ ಗಟ್ಟಿ. ಅತ್ತೆಯ ಮೊಣಕಾಲಿಗೆ, ಗಂಡ ವೀರಭದ್ರನ ಸಕ್ಕರೆ ಕಾಯಿಲೆಗೆ, ಮೊಮ್ಮಕ್ಕಳ ಕೆಮ್ಮಿಗೆ ಎಂದು ದವಾಖಾನೆಗೆ ಎಡತಾಕುತ್ತಿದ್ದಳು. ತನಗೆಂದು ಬಂದದ್ದು ಅಪರೂಪ. ಅವತ್ತು ತನಗೆಂದೇ ಬಂದಿದ್ದಳು. ಕುರ್ಚಿಯಲ್ಲಿ ಕೂತು, ಹೆಬ್ಬೆರಳೊತ್ತಿ, ಹಿಮ್ಮಡಿ ಒಡೆದದ್ದನ್ನು ತೋರಿಸಿದಳು. ಮುಲಾಮು ಕೇಳಿದಳು. ಮಳೆ, ಜೋಳದ ರೇಟು, ಡಾಕ್ಟರ ಮಗಳ ಬಾಣಂತನ ಎಲ್ಲ ಮಾತಾಡಿದಳು. ಬರಿಯಾಕಿ ಎಲ್ಲವನ್ನೂ ಕೇಳಿ, ಬೇಡದ್ದನ್ನು ಬಿಟ್ಟು, 'ಹಿಮ್ಮಡಿ ಬಿರುಕು, ಮುಲಾಮು' ಎಂದು ಬರೆದುಕೊಂಡಿತು.

ಕಸ್ತೂರೆವ್ವ ಎದ್ದಳು. ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದಳು. ಒಂದು ಕೈ ಚೌಕಟ್ಟಿಗೆ ಕೊಟ್ಟು ಹಿಂದಿರುಗಿ ನೋಡಿ, ಸೆರಗಿನ ತುದಿಯಿಂದ ದವಡೆ ಒತ್ತಿಕೊಂಡಳು.

"ಅಂದಂಗ ಡಾಕ್ಟ್ರ, ಹಿಟ್ಟಿನ ಚೀಲ ಹೊತ್ಗೊಂಡು ಅಟ್ಟ ಏರಿದ್ರ ಈ ದವಡಿ ಜಗ್ಗತೈತ್ರಿ. ಎಡಗೈನೂ ಜೋಮು ಹಿಡಿದಂಗ ಆಗತೈತಿ. ಒಂದೀಟು ಕೂತ್ರ ಬಿಡತೈತಿ. ರೊಟ್ಟಿ ಬಡದು ಬಡದು ಹಿಂಗ ಆಗಿರಬೇಕಲ್ರಿ?"

ಈ ಕಡೆಯ ಹೆಂಗಸರ ಪದ್ಧತಿಯೇ ಇದು. ಬಂದ ಕೂಡಲೇ ತನ್ನ ಬ್ಯಾನಿ ತಾನೇ ಹೇಳಿಕೊಂಡರೆ ಸೋಗು ಹಾಕುತ್ತಾಳೆ ಅಂದಾರು. ಅದಕ್ಕೇ ಮೊದಲು ಹಿಮ್ಮಡಿ, ಆಮೇಲೆ ಮಳೆ, ಆಮೇಲೆ ಮಗಳ ಬಾಣಂತನ. ಎದೆಯೊಳಗಿನದು ಹೊರಬರುವುದು ಎದ್ದು ಹೊರಟು ಚಪ್ಪಲಿ ಮೆಟ್ಟಿದ ಮೇಲೆ, ಅದೂ ಏನೂ ಅಲ್ಲವೆಂಬಂತೆ. ಹಳೆಯ ಪ್ರಭಣ್ಣ ಡಾಕ್ಟರಿಗೆ ಇದು ಚೆನ್ನಾಗಿ ಗೊತ್ತಿತ್ತು. 'ಅಂದಂಗ' ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಪೆನ್ನು ಕೆಳಗಿಟ್ಟು, "ಬಾ ಇಲ್ಲೆ, ಕೂಡು, ಈಗ ಹೇಳು" ಎನ್ನುತ್ತಿದ್ದರು.

ಅವತ್ತು ಆಗಲೇ ಮುಂದಿನವರ ಹೆಸರು ಕೂಗಿಯಾಗಿತ್ತು. ಜ್ವರದ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ ಕಸ್ತೂರೆವ್ವನ ಪಕ್ಕದಲ್ಲೇ ನುಗ್ಗಿ ಬಂದಳು. ಕೂಸು ಕಿಟಾರನೆ ಕಿರುಚುತ್ತಿತ್ತು. ಡಾಕ್ಟರು ಕೂಸಿನ ಕಡೆ ಕೈ ಚಾಚುತ್ತ, "ಹೌದೇನು? ಆತು, ಮುಂದಿನ ಸಲ ಬಂದಾಗ ಅದನ್ನ ನೋಡೂಣಂತ" ಎಂದರು. ಹೇಗೂ ಬರಿಯಾಕಿ ಬರೆದುಕೊಂಡಿರುತ್ತಾಳೆ, ಮುಂದಿನ ಸಲ ತಾನೇ ನೆನಪಿಸುತ್ತಾಳೆ ಎಂಬ ಧೈರ್ಯ. ಕುರ್ಚಿ ಖಾಲಿಯಾಗಿತ್ತು ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ.

"ಹೂನ್ರಿ" ಎಂದು ಕಸ್ತೂರೆವ್ವ ಹೋದಳು.

ಆ ವಾರ ಸ್ಮೃತಿ ಕೇಂದ್ರದಲ್ಲಿ ಸಭೆಯಿತ್ತು. ಡಾಕ್ಟರು ಧಾರವಾಡಕ್ಕೆ ಹೋದರು. ತಣ್ಣನೆಯ ದೊಡ್ಡ ಕೋಣೆ, ಗೋಡೆಯ ತುಂಬ ಪರದೆ, ಪರದೆಯ ಮೇಲೆ ಇಡೀ ನಾಡಿನ ಆರೋಗ್ಯ. ಜ್ವರ ಎದ್ದಲ್ಲಿ ಹಳದಿ, ಭೇದಿ ಎದ್ದಲ್ಲಿ ಹಸಿರು. ಅಲ್ಲಿಯ ಮುಖ್ಯಸ್ಥೆ ಅಖಿಲಾ ಮುತಾಲಿಕ, ಚುರುಕಾದ ಹೆಣ್ಣುಮಗಳು, ಒಂದು ನಕ್ಷೆಯನ್ನು ದೊಡ್ಡದು ಮಾಡಿ ತೋರಿಸಿದಳು. ಬರಿಯಾಕಿ ಬಂದ ಮೇಲೆ ನಲವತ್ತು ದಾಟಿದ ಹೆಂಗಸರ ದೂರುಗಳು ಇಳಿಯುತ್ತ ಬಂದಿದ್ದವು. ಎದೆನೋವು ಇಳಿದಿತ್ತು, ಮುಟ್ಟಿನ ತೊಂದರೆ ಇಳಿದಿತ್ತು, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು ಬರುವುದು, ಎಲ್ಲ ಇಳಿದಿತ್ತು.

"ಡಾಕ್ಟರು ಮುಖ ನೋಡಿ ಮಾತಾಡಿದರೆ ಅರ್ಧ ರೋಗ ವಾಸಿ ಎನ್ನುತ್ತಾರಲ್ಲ, ಇಲ್ಲಿದೆ ಪುರಾವೆ" ಎಂದಳು ಅಖಿಲಾ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಭಣ್ಣನವರ ದವಾಖಾನೆಯ ಹೆಸರು ಮೇಲಿನ ಸಾಲಿನಲ್ಲೇ ಇತ್ತು. ಅವರೂ ತಟ್ಟಿದರು. ಬರುವಾಗ ಒಂದು ಡಬ್ಬಿ ಪೇಢೆ ತಂದರು.

ಪೇಢೆ ಮುಗಿಯುವಷ್ಟರಲ್ಲಿ ಕಸ್ತೂರೆವ್ವ ಬಿದ್ದಳು.

ಬೆಳಗಿನ ರೊಟ್ಟಿ ಮುಗಿಸಿ ಒಲೆ ಮುಂದಿನಿಂದ ಎದ್ದವಳು ಬೆವೆತು ನೀರಾಗಿ, ವಾಂತಿ ಮಾಡಿ, ಗೋಡೆ ಹಿಡಿದು ಕುಸಿದಳು. ವೀರಭದ್ರ ಆಟೋ ಮಾಡಿ ಗದಗಿನ ದೊಡ್ಡ ಆಸ್ಪತ್ರೆಗೆ ಒಯ್ದ. ಅಲ್ಲಿಯ ತರುಣ ಡಾಕ್ಟರ್ ಕೆಲಸ ಬಲ್ಲವನೇ. ಈಸಿಜಿ ತೆಗೆದ, ಅದು ನೆಟ್ಟಗಿತ್ತು. ರಕ್ತ ನೋಡಿದ, ಅದೂ ನೆಟ್ಟಗಿತ್ತು. ಹೃದಯಾಘಾತವಾದ ಹೊಸತರಲ್ಲಿ ಇವೆರಡೂ ಸುಳ್ಳು ಹೇಳುವುದುಂಟು, ಅದು ಅವನಿಗೂ ಗೊತ್ತು. ಅದಕ್ಕೇ ಕಸ್ತೂರೆವ್ವನ ಹೆಬ್ಬೆರಳು ಒತ್ತಿಸಿ ಚರಿತ್ರೆ ತೆರೆದ. ಎದೆಯ ದೂರು ಎಂದೂ ಇಲ್ಲ. ದಮ್ಮು ಇಲ್ಲ. ಬಿಪಿ ಇಲ್ಲ. ಹಿಮ್ಮಡಿ ಬಿರುಕು. ಅಪಾಯದ ಅಂದಾಜು: ತೀರ ಕಡಿಮೆ.

"ಪಿತ್ತ ಆಗಿದೆ, ಮಧ್ಯಾಹ್ನ ಮನೆಗೆ ಕರಕೊಂಡು ಹೋಗಿ" ಎಂದ. ಹಾಗಿದ್ದರೂ ರೂಢಿಯಂತೆ ಮನೆ ಡಾಕ್ಟರಿಗೆ ಒಂದು ಫೋನು ಮಾಡಿದ. ಆ ಫೋನು ಮಾಡಿದ್ದಕ್ಕೆ ಅವನ ಹೊಟ್ಟೆ ತಣ್ಣಗಿರಲಿ.

"ಕಸ್ತೂರೆವ್ವಾ? ಬಿದ್ಳಾ?" ಪ್ರಭಣ್ಣ ಡಾಕ್ಟರು ಎದ್ದು ನಿಂತರು. "ಆಕಿ ಸುಮ್ಮನ ಬೀಳು ಹೆಂಗಸಲ್ಲರೀ."

"ರೆಕಾರ್ಡ್ ಕ್ಲೀನ್ ಇದೆ ಸರ್. ನಿಮ್ಮದೇ ಎಂಟ್ರಿ. ಬೇರೆ ಏನಾದರೂ ಹೇಳಿದ್ದರಾ ಅವರು?"

ಡಾಕ್ಟರು ಪರದೆಯಲ್ಲಿ ಅವಳ ಚರಿತ್ರೆ ತೆಗೆದರು. ಹಿಮ್ಮಡಿ ಬಿರುಕು, ಮುಲಾಮು. ಅಷ್ಟೇ. ಅಷ್ಟೇ ಅಲ್ಲ ಎಂದು ಮಾತ್ರ ಅವರಿಗೆ ಖಾತ್ರಿಯಿತ್ತು. ಅವಳು ಏನೋ ಹೇಳಿದ್ದಳು. ಏನು? ಮಳೆ. ಜೋಳ. ಬಾಣಂತನ. ಆಮೇಲೆ? ಆಮೇಲೆ ಒಂದು ಕೂಸು ಅತ್ತದ್ದು ಬಿಟ್ಟರೆ ಏನೂ ನೆನಪಿಗೆ ಬರುತ್ತಿಲ್ಲ. ಊರಿನ ಮೂರು ತಲೆಮಾರಿನ ರೋಗಗಳನ್ನು ಬಾಯಿಪಾಠ ಹೇಳುತ್ತಿದ್ದ ತಲೆ ಈಗ ಬೀಗ ಹಾಕಿದ ಮನೆಯಾಗಿತ್ತು. ಅಯ್ಯೋ ಶಿವನೇ, ಅವಳು ಏನೆಂದಳು?

"ಸರ್, ಬೇರೆ ಪೇಷಂಟ್ಸ್ ಇದ್ದಾರೆ..."

"ಒಂದು ನಿಮಿಷ ತಡೀರಿ. ಫೋನ್ ಇಡಬ್ಯಾಡ್ರಿ."

ಅವರು ಕಸ್ತೂರೆವ್ವ ಕೂತಿದ್ದ ಕುರ್ಚಿಯನ್ನು ನೋಡಿದರು. ಕುರ್ಚಿಯಿಂದ ಬಾಗಿಲನ್ನು ನೋಡಿದರು. ಆಮೇಲೆ, ಪಡಸಾಲೆಯಲ್ಲಿ ಕೂತವರೆಲ್ಲ ಡಾಕ್ಟರಿಗೇನಾಯಿತು ಎಂದು ನೋಡುತ್ತಿರುವಾಗ, ಬಾಗಿಲಿಗೆ ಹೋಗಿ ಚೌಕಟ್ಟಿಗೆ ಒಂದು ಕೈ ಕೊಟ್ಟು ಒಳಮುಖವಾಗಿ ನಿಂತರು. ಅಲ್ಲಿ ನಿಂತು ನೋಡಿದರೆ ಡಾಕ್ಟರ ಕುರ್ಚಿ ಬಹಳ ದೂರ ಕಾಣುತ್ತಿತ್ತು. ಚೌಕಟ್ಟಿನ ಮೇಲಿದ್ದ ಕೈ ತನ್ನಷ್ಟಕ್ಕೆ ಎದ್ದು ದವಡೆಗೆ ಹೋಯಿತು. ಅವಳೂ ಹೀಗೆಯೇ ಸೆರಗಿನ ತುದಿಯಿಂದ ದವಡೆ ಒತ್ತಿಕೊಂಡಿದ್ದಳು.

"ದವಡಿ!" ಎಂದು ಕೂಗಿದರು ಡಾಕ್ಟರು. "ಚೀಲ ಹೊತ್ತು ಅಟ್ಟ ಏರಿದ್ರ ದವಡಿ ಜಗ್ಗತೈತಿ, ಎಡಗೈ ಜೋಮು ಹಿಡೀತೈತಿ, ಕೂತ್ರ ಬಿಡತೈತಿ ಅಂದಿದ್ಳು. ಆಕಿನ್ನ ಮನೀಗೆ ಕಳಿಸಬ್ಯಾಡ್ರಿ! ಈಸಿಜಿ ಮತ್ತೊಮ್ಮೆ ತಗೀರಿ, ರಕ್ತ ಮತ್ತೊಮ್ಮೆ ನೋಡ್ರಿ."

"ಇಲ್ಲಿ ಅದು ಇಲ್ವಲ್ಲ ಸರ್."

"ಅಲ್ಲಿ ಇರೂದಿಲ್ಲ. ಅಲ್ಲಿರೂದು ಕುರ್ಚಿ ಮ್ಯಾಲ ಹೇಳಿದ್ದು. ಆಕಿ ಇದನ್ನ ಬಾಗಿಲದಾಗ ನಿಂತು ಹೇಳ್ಯಾಳ."

ಎರಡನೆಯ ಈಸಿಜಿಯಲ್ಲಿ ಗೆರೆ ಎದ್ದು ನಿಂತಿತ್ತು. ಅಲ್ಲಿಂದ ಹುಬ್ಬಳ್ಳಿಗೆ ಒಯ್ದು, ಮುಚ್ಚಿದ ರಕ್ತನಾಳ ತೆರೆದರು. ಕಸ್ತೂರೆವ್ವ ಉಳಿದಳು. ಆದರೆ ಹೃದಯದ ಒಂದು ಭಾಗ ಸತ್ತಿತ್ತು, ಅದು ಮತ್ತೆ ಬರುವಂಥದ್ದಲ್ಲ. ಬಾಗಿಲಲ್ಲಿ ಹೇಳಿದ ದಿನವೇ ಕೇಳಿಸಿಕೊಂಡಿದ್ದರೆ ಅದೂ ಉಳಿಯುತ್ತಿತ್ತು. ಇದನ್ನು ಯಾರೂ ಡಾಕ್ಟರಿಗೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮತ್ತೆ ಧಾರವಾಡಕ್ಕೆ ಹೋದಾಗ ಅವರಿಗೆ ಆ ತಣ್ಣನೆಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿದ್ದು ನೆನಪಾಗಿ ನಾಚಿಕೆಯಾಯಿತು. "ಆ ನಕ್ಷೆ ತೆಗೀರಿ" ಎಂದರು ಅಖಿಲಾಳಿಗೆ. ಇಳಿಯುತ್ತ ಬಂದ ಗೆರೆ ತೆರೆದುಕೊಂಡಿತು. "ಈಗ ಹಿಂದ ಏನೂ ದೂರು ಹೇಳದ ಒಮ್ಮೆಲೇ ಬಿದ್ದು ಆಸ್ಪತ್ರಿಗೆ ಬಂದ ಹೆಂಗಸರ ನಕ್ಷೆ ತೆಗೀರಿ, ಅದರ ಮ್ಯಾಲ ಇಡ್ರಿ."

"ಅದು ಬೇರೆ ವಿಭಾಗದ್ದು" ಎಂದಳು ಅಖಿಲಾ. ಆದರೂ ತೆಗೆದಳು. ಒಂದು ಗೆರೆ ಇಳಿದಷ್ಟೂ ಇನ್ನೊಂದು ಏರಿತ್ತು. ಅವಳು ಎರಡೂ ಗೆರೆಗಳ ಮೇಲೆ ಬೆರಳಾಡಿಸಿ ನೋಡಿದಳು. "ಬಿಸಿಲಿನ ಝಳಕ್ಕೆ ಅಂದುಕೊಂಡಿದ್ದೆವು" ಎಂದಳು ಕೊನೆಗೆ, ಮೆಲ್ಲನೆ.

"ಇವರಿಗೆ ಆರಾಮ ಆಗಿಲ್ಲವ್ವ. ಬಾಗಿಲದಾಗ ನಿಂತಾರ."

ಅಖಿಲಾ ಕೆಟ್ಟವಳಲ್ಲ. ಸೋಮಾರಿಯೂ ಅಲ್ಲ. ಮೇಲಿನವರ ಹತ್ತಿರ ಜಗಳಾಡಿ ಕಾನೂನಿನಲ್ಲಿ ಒಂದು ಕಿಂಡಿ ತೆಗೆಸಿದಳು. ರೋಗಿಗಳ ಒಪ್ಪಿಗೆ ಪಡೆದು ಬೆಟಗೇರಿಯ ದವಾಖಾನೆಯ ಬಾಗಿಲಿಗೆ, ಚೌಕಟ್ಟಿನ ಮೇಲೆ, ಎರಡನೆಯ ಕಿವಿ ಹಚ್ಚಿಸಿದಳು. ಹಸಿರು ದೀಪದ ಪುಟ್ಟ ಕಿವಿ. ಹೆಂಗಸರು ಒಪ್ಪಿಗೆ ಕೊಟ್ಟರು. ದೀಪ ನೋಡಿದರು. "ಬರಿಯಾಕಿ ಬಾಗಿಲಕ್ಕೂ ಬಂದ್ಳಲ್ಲವಾ" ಎಂದರು. ಮರುದಿನದಿಂದ ಬಾಗಿಲಲ್ಲಿ ಯಾರೂ ಏನೂ ಹೇಳಲಿಲ್ಲ. ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನ ಚಿಲಕ ಹಿಡಿದು ಹಿಂದಿರುಗಿ ನೋಡತೊಡಗಿದರು. ಅಲ್ಲಿ ಕೇಳುವವರು ಯಾರೂ ಇರಲಿಲ್ಲ.

ಕಿಟಕಿಯಿಂದ ಇದನ್ನು ಕಂಡ ಡಾಕ್ಟರು ಹಣೆ ಚಚ್ಚಿಕೊಂಡರು. ಬಾಗಿಲ ಕಿವಿ ಬಿಚ್ಚಿ ಧಾರವಾಡಕ್ಕೆ ವಾಪಸು ಕಳಿಸಿದರು. ಮೇಜಿನ ಬರಿಯಾಕಿಯನ್ನು ಮಾತ್ರ ಇಟ್ಟುಕೊಂಡರು. ಮತ್ತೆ ಎರಡು ಬೆರಳಲ್ಲಿ ಕುಟ್ಟುವ ಹುಚ್ಚು ಅವರಿಗಿರಲಿಲ್ಲ. ಆದರೆ ಅಂದಿನಿಂದ ಪ್ರತಿ ರೋಗಿಯ ಜೊತೆ ತಾವೂ ಎದ್ದು ಗೇಟಿನವರೆಗೆ ನಡೆದು ಹೋಗಿ ಬೀಳ್ಕೊಡತೊಡಗಿದರು. ಪಡಸಾಲೆಯಲ್ಲಿ ಕಾಯುವವರು ಗೊಣಗಿದರು. ಕೇಂದ್ರದಿಂದ ಎಚ್ಚರಿಕೆ ಬಂತು. ಮೇಲಿನ ಸಾಲಿನಲ್ಲಿದ್ದ ದವಾಖಾನೆಯ ಹೆಸರು ಕೆಳಗೆ ಜಾರಿತು. ಮನೆಯಲ್ಲಿ ಊಟ ತಣ್ಣಗಾಗತೊಡಗಿತು. ಅನ್ನಪೂರ್ಣಮ್ಮ ಮಾತ್ರ ಏನೂ ಅನ್ನಲಿಲ್ಲ. ಈಗ ಗಂಡ ಸ್ಕೂಟರು ಚಾಲೂ ಮಾಡುವ ಮುಂಚೆ ಒಂದು ಗಳಿಗೆ ಸುಮ್ಮನೆ ನಿಂತು ಅವರ ಮುಖ ನೋಡುತ್ತಿದ್ದರಲ್ಲ.

ಕಸ್ತೂರೆವ್ವ ಮನೆಗೆ ಬಂದ ಮೇಲೆ ಡಾಕ್ಟರು ನೋಡಲು ಹೋದರು. ಒಲೆ ಹತ್ತಿರ ಈಗ ಸೊಸೆ ಕೂತಿದ್ದಳು, ರೊಟ್ಟಿ ಬಡಿಯುವ ಸದ್ದು ಮುಂಚಿನಷ್ಟು ಜೋರಾಗಿರಲಿಲ್ಲ. ಕಸ್ತೂರೆವ್ವ ಚಾಪೆಯ ಮೇಲೆ ಗೋಡೆಗೆ ಒರಗಿದ್ದಳು. ಡಾಕ್ಟರು ನಾಡಿ ನೋಡಿದರು, ಗುಳಿಗೆ ಎಣಿಸಿದರು, ಕಾಲು ಬಾತಿದೆಯೋ ಎಂದು ಒತ್ತಿ ನೋಡಿದರು.

"ಹೆಂಗದೀಯವ್ವ?"

"ಆರಾಮ ಅದೀನ್ರಿ. ನನಗೇನಾಗೇತಿ? ಈಕಿ ರೊಟ್ಟಿ ನೋಡ್ರಿ, ಭಾರತ ನಕ್ಷಿ ಬಡದಂಗ ಬಡದಾಳ." ಸೊಸೆ ನಕ್ಕಳು. ಚಹಾ ಬಂತು. ಮಳೆಯ ಮಾತಾಯಿತು. ಜೋಳದ ಮಾತಾಯಿತು.

ಡಾಕ್ಟರು ಚಹಾ ಮುಗಿಸಿ ಎದ್ದರು. ಹೊಸ್ತಿಲಿಗೆ ಬಂದು ಚಪ್ಪಲಿ ಮೆಟ್ಟಿದರು. ಹೋಗಲಿಲ್ಲ. ಚೌಕಟ್ಟಿಗೆ ಒಂದು ಕೈ ಕೊಟ್ಟು ನಿಂತೇ ಇದ್ದರು.

ಕಸ್ತೂರೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅಂದಂಗ ಡಾಕ್ಟ್ರ."

"ಹೇಳವ್ವ."

"ಅವತ್ತ ಬಾಗಿಲದಾಗ ನಿಂತು ಹೇಳಿದ್ನೆಲ್ರಿ, ಅದು ನಿಮಗ ಕೇಳಿಸಿತ್ತೇನ್ರಿ?"

ಡಾಕ್ಟರ ಬಾಯಿಗೆ ಎಷ್ಟೋ ಉತ್ತರಗಳು ಬಂದವು. ಕುರ್ಚಿ, ತಗಡು, ಕಾನೂನು, ಕಿರುಚುತ್ತಿದ್ದ ಕೂಸು. ಎಲ್ಲವೂ ನಿಜವೇ.

"ಕೇಳಿಸಿತ್ತವ್ವ" ಎಂದರು.

ಕಸ್ತೂರೆವ್ವ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರು ಬಂತು. "ಹಂಗಾರ ಆತು ಬಿಡ್ರಿ. ನಾನು ಸಣ್ಣ ದನೀಲೆ ಹೇಳಿದ್ನೇನೋ, ನಂದ ತಪ್ಪೇನೋ ಅಂತ ಇಷ್ಟು ದಿನ ನನ್ನ ನಾನ ಬೈಕೋತ ಇದ್ದೆ."

ಡಾಕ್ಟರು ಮೆಟ್ಟಿದ್ದ ಚಪ್ಪಲಿ ಬಿಟ್ಟರು. ಒಳಗೆ ಬಂದು ಅವಳೆದುರು ಚಾಪೆಯ ಮೇಲೆ ಕೂತರು.

"ಇನ್ನೇನೈತಿ, ಹೇಳು" ಎಂದರು.

"ಏನಿಲ್ರಿ" ಎಂದಳು ಕಸ್ತೂರೆವ್ವ. ಸೊಸೆಯ ಕಡೆಗೊಮ್ಮೆ ನೋಡಿದಳು, ಬಾಗಿಲ ಕಡೆಗೊಮ್ಮೆ ನೋಡಿದಳು. ಆಮೇಲೆ ಹೇಳತೊಡಗಿದಳು.